ಕಿರ್ಕ್ರಿ ಎಂಬ ಹೆಸರು: ಗಾಂಧಿ ಹತ್ಯೆಯ ತನಿಖಾ ಕಾಗದಗಳನ್ನು ಓದುವುದು

1948ರ ಜನವರಿ 30ರ ಸಂಜೆ ದೆಹಲಿಯ ತುಘಲಕ್ ರಸ್ತೆಯ ಪೊಲೀಸ್ ಠಾಣೆಯಲ್ಲಿ ದಾಖಲಾದ ಎಫ್‌ಐಆರ್ ಉರ್ದುವಿನಲ್ಲಿದೆ. ಸಮಯ 5 ಗಂಟೆ 45 ನಿಮಿಷ. ಬಿರ್ಲಾ ಭವನದ ಹುಲ್ಲುಹಾಸಿನ ಮೇಲೆ ಗಾಂಧೀಜಿ ಕುಸಿದು ಅರ್ಧ ಗಂಟೆ ಆಗಿತ್ತಷ್ಟೆ. ದೂರು ಕೊಟ್ಟವರು ಪ್ರಾರ್ಥನಾ ಸಭೆಗೆ ಬಂದಿದ್ದ ಒಬ್ಬ ದೆಹಲಿ ನಿವಾಸಿ. ಎರಡು ಮೂರು ಅಡಿ ದೂರದಿಂದ ಮೂರು ಗುಂಡು ಹಾರಿದವು, ಹೊಟ್ಟೆಗೂ ಎದೆಗೂ ತಗುಲಿದವು, ಮಹಾತ್ಮರು 'ರಾಮ್ ರಾಮ್' ಎನ್ನುತ್ತ ಬಿದ್ದರು ಎಂದು ಅದರಲ್ಲಿದೆ. ಕೊಂದವನ ಹೆಸರು ನಾರಾಯಣ ವಿನಾಯಕ ಗೋಡ್ಸೆ, ಪೂನಾ ನಿವಾಸಿ ಎಂದಿದೆ.

ಈ ಕಾಗದದಲ್ಲಿ ಎರಡು ಸಂಗತಿಗಳು ನಮಗೆ ಗೊತ್ತಿರುವ ಹಾಗಿಲ್ಲ. ರಾಜ್‌ಘಾಟ್‌ನ ಕಪ್ಪು ಶಿಲೆಯ ಮೇಲಿರುವುದು 'ಹೇ ರಾಮ್'. ಎಫ್‌ಐಆರ್‌ನಲ್ಲಿರುವುದು 'ರಾಮ್ ರಾಮ್'. ಕೊಂದವನ ಹೆಸರು ನಾಥೂರಾಮ, ಬರೆದಿರುವುದು ನಾರಾಯಣ. ಸಂಚಿನ ಇನ್ನೊಬ್ಬ ಮುಖ್ಯ ಆರೋಪಿ ಆಪ್ಟೆಯ ಹೆಸರೂ ನಾರಾಯಣನೇ, ನಿಜ. ಆದರೆ ಆ ಸಂಜೆ ಠಾಣೆಯಲ್ಲಿ ಕೂತು ಬರೆಯುತ್ತಿದ್ದವರಿಗೆ ಆಪ್ಟೆ ಯಾರೆಂದೇ ಗೊತ್ತಿರಲಿಲ್ಲ. ಗದ್ದಲದಲ್ಲಿ ಒಂದು ಅಪರಿಚಿತ ಮರಾಠಿ ಹೆಸರು ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ, ಅಲ್ಲಿಂದ ಬರೆಯುವವನ ಲೇಖನಿಗೆ ಬಂದಿದೆ. ಇಷ್ಟು ದೊಡ್ಡ ಘಟನೆಯ ಮೊಟ್ಟಮೊದಲ ಸರ್ಕಾರಿ ಕಾಗದ, ಅದೂ ಅರ್ಧ ಗಂಟೆಯೊಳಗೆ ಬರೆದದ್ದು, ಆಗಲೇ ಹಲವು ಕೈ ದಾಟಿತ್ತು.

ಗಾಂಧಿ ಹತ್ಯೆಯ ಬಗ್ಗೆ ಉಳಿದಿರುವ ಕಾಗದಗಳನ್ನು ಎರಡು ರಾಶಿಗಳಾಗಿ ನೋಡಬಹುದು. ಮೊದಲನೆಯದು ಕೆಂಪುಕೋಟೆಯ ವಿಶೇಷ ನ್ಯಾಯಾಲಯದ್ದು. ನ್ಯಾಯಾಧೀಶ ಆತ್ಮಚರಣ್ ಅವರ ಮುಂದೆ ವಿಚಾರಣೆ 1948ರ ಮೇ 27ರಂದು ಶುರುವಾಯಿತು, ತೀರ್ಪು ಬಂದದ್ದು 1949ರ ಫೆಬ್ರವರಿ 10ರಂದು. ಪ್ರಾಸಿಕ್ಯೂಷನ್ 149 ಸಾಕ್ಷಿಗಳನ್ನು ವಿಚಾರಿಸಿತು. ಅವರ ಸಾಕ್ಷ್ಯವೇ 720 ಪುಟ. ಜೊತೆಗೆ 404 ದಾಖಲೆಗಳು, 80 ಮುದ್ದೆಮಾಲು ವಸ್ತುಗಳು. 606824 ಎಂಬ ಸಂಖ್ಯೆಯ ಇಟಲಿಯ ಬೆರೆಟಾ ಪಿಸ್ತೂಲು ಆ ವಸ್ತುಗಳಲ್ಲೊಂದು. ಎರಡನೆಯ ರಾಶಿ ಇದಾದ ಎರಡು ದಶಕಗಳ ಮೇಲೆ ಬಂದದ್ದು. 1964ರಲ್ಲಿ ಗೋಪಾಲ ಗೋಡ್ಸೆ ಮತ್ತು ವಿಷ್ಣು ಕರ್ಕರೆ ಜೈಲಿನಿಂದ ಬಿಡುಗಡೆಯಾದಾಗ ಪುಣೆಯಲ್ಲಿ ಒಂದು ಸಮಾರಂಭ ನಡೆಯಿತು. ಹತ್ಯೆಯ ಯೋಚನೆ ತನಗೆ ಮೊದಲೇ ತಿಳಿದಿತ್ತೆಂದು ಪತ್ರಕರ್ತ ಜಿ.ವಿ. ಕೇತ್ಕರ್ ಅಲ್ಲಿ ಹೇಳಿದರು. ಸಂಸತ್ತಿನಲ್ಲಿ ಕೋಲಾಹಲವಾಗಿ ವಿಚಾರಣಾ ಆಯೋಗ ನೇಮಕವಾಯಿತು. ಅದನ್ನು ಮುಗಿಸಿದವರು ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಜೀವನ್‌ಲಾಲ್ ಕಪೂರ್. 101 ಸಾಕ್ಷಿಗಳು, 407 ದಾಖಲೆಗಳನ್ನು ನೋಡಿ ಅವರು 1969ರಲ್ಲಿ ವರದಿ ಕೊಟ್ಟರು.

ಈ ಎರಡು ರಾಶಿಗಳ ಪ್ರಶ್ನೆಗಳೇ ಬೇರೆ. ಕೊಂದವರು ಯಾರು, ಅದನ್ನು ಕಾನೂನಿನ ಪ್ರಕಾರ ಸಾಬೀತು ಮಾಡಬಹುದೇ ಎಂದು ನ್ಯಾಯಾಲಯ ಕೇಳಿತು. ಯಾರಿಗೆ ಏನು ಗೊತ್ತಿತ್ತು, ಯಾವಾಗ ಗೊತ್ತಾಯಿತು, ಗೊತ್ತಾದ ಮೇಲೆ ಏನು ಮಾಡಿದರು ಎಂದು ಆಯೋಗ ಕೇಳಿತು. ಕಪೂರ್ ವರದಿ ಓದುವಾಗ ನಾನು ಎರಡು ಕಲಮಿನ ಒಂದು ಪಟ್ಟಿ ಮಾಡಿಕೊಂಡೆ. ಎಡಗಡೆ ಒಂದು ಮಾಹಿತಿ ಹುಟ್ಟಿದ ದಿನ ಮತ್ತು ಊರು. ಬಲಗಡೆ ಅದು ಬೇಕಾದವರ ಕೈಗೆ ತಲುಪಿದ ದಿನ ಮತ್ತು ಊರು. ಜನವರಿ 20ರಿಂದ 30ರವರೆಗಿನ ಸಾಲುಗಳಲ್ಲಿ ಎಡ ಕಲಮು ಬೇಗ ತುಂಬುತ್ತದೆ. ಬಲ ಕಲಮಿನಲ್ಲಿ ಬಹುಪಾಲು ಖಾಲಿ.

ಜನವರಿ 20ರ ಸಂಜೆ ಬಿರ್ಲಾ ಭವನದ ಹಿಂಬದಿಯ ಗೋಡೆಯ ಮೇಲೆ ಸಿಡಿಮದ್ದಿನ ಹಲಗೆಯೊಂದು ಸಿಡಿಯಿತು. ಅಲ್ಲಿ ಆಡುತ್ತಿದ್ದ ಮಗುವನ್ನು ಕರೆದೊಯ್ಯಲು ಬಂದಿದ್ದ ಹತ್ತಿರದ ಮನೆಯ ತಾಯಿಯೊಬ್ಬಳು ಬತ್ತಿ ಹೊತ್ತಿಸಿದವನನ್ನು ನೋಡಿದ್ದಳು. ಆಕೆ ಕೈ ತೋರಿಸಿದ್ದರಿಂದಲೇ ಆತ ಅಲ್ಲೇ ಸಿಕ್ಕಿಬಿದ್ದ. ಪಶ್ಚಿಮ ಪಂಜಾಬಿನ ಪಾಕಪಟ್ಟಣದಿಂದ ನಿರಾಶ್ರಿತನಾಗಿ ಬಂದಿದ್ದ ಮದನ್‌ಲಾಲ್ ಪಹ್ವಾ. ಜೊತೆಗಿದ್ದ ಉಳಿದವರು ಟ್ಯಾಕ್ಸಿ ಹತ್ತಿ ತಪ್ಪಿಸಿಕೊಂಡರು. ಅಂದೇ ರಾತ್ರಿ ಪೊಲೀಸರು ಕನಾಟ್ ಪ್ಲೇಸಿನ ಮರೀನಾ ಹೋಟೆಲಿಗೆ ಹೋದಾಗ 40ನೇ ಕೋಣೆ ಖಾಲಿಯಾಗಿತ್ತು. ರಿಜಿಸ್ಟರಿನಲ್ಲಿದ್ದವರು ಎಸ್. ದೇಶಪಾಂಡೆ ಮತ್ತು ಎಂ. ದೇಶಪಾಂಡೆ. ಕೋಣೆಯಲ್ಲಿ ಹಿಂದೂ ಮಹಾಸಭೆಯ ನಾಯಕ ಆಶುತೋಷ್ ಲಾಹಿರಿಯವರ ಟೈಪು ಮಾಡಿದ ಹೇಳಿಕೆಯೊಂದು ಸಿಕ್ಕಿತು. ಇವರು ಹೋಟೆಲಿನಲ್ಲಿ ಒಗೆಯಲು ಕೊಟ್ಟು ಬಿಟ್ಟುಹೋದ ಬಟ್ಟೆಗಳೂ ಇದ್ದವು. ಅವುಗಳ ಮೇಲೆ ಅಗಸರು ಹಾಕುವ ಗುರುತು: ಎನ್.ವಿ.ಜಿ.

ಮದನ್‌ಲಾಲ್ ಬಾಯಿಬಿಟ್ಟ. ಅವನು ಹೇಳಿದ ಹೆಸರುಗಳಲ್ಲಿ ಒಂದು, ಅಹ್ಮದ್‌ನಗರದಲ್ಲಿ ವಸತಿಗೃಹ ನಡೆಸುತ್ತಿದ್ದ ಕರ್ಕರೆ. ಆದರೆ ದೆಹಲಿ ಪೊಲೀಸರ ದಾಖಲೆಯಲ್ಲಿ ಆ ಹೆಸರು 'ಕಿರ್ಕ್ರಿ' ಆಯಿತು. ಮರುದಿನ ಇಬ್ಬರು ಅಧಿಕಾರಿಗಳು ಮುಂಬೈಗೆ ವಿಮಾನದಲ್ಲಿ ಹೋದದ್ದು ಈ ಕಿರ್ಕ್ರಿಯನ್ನೂ ಅವನ ಸಂಗಡಿಗರನ್ನೂ ಹುಡುಕಿಕೊಂಡು.

ಈ ಹೆಸರಿನ ಮೇಲೆ ನಾನು ಬಹಳ ಹೊತ್ತು ನಿಂತಿದ್ದೇನೆ. ಕನ್ನಡದಲ್ಲಿ 'ಕರ್ಕರೆ' ಎಂದು ಬರೆದದ್ದನ್ನು 'ಕಿರ್ಕ್ರಿ' ಎಂದು ಓದಲಾಗದು, ಏಕೆಂದರೆ ನಮ್ಮ ಲಿಪಿಯಲ್ಲಿ ಪ್ರತಿ ಅಕ್ಷರವೂ ತನ್ನ ಸ್ವರವನ್ನು ಹೊತ್ತೇ ಇರುತ್ತದೆ. ಉರ್ದು ಲಿಪಿಯಲ್ಲಿ ಹಾಗಲ್ಲ. ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದೇ ಇಲ್ಲ. ಓದುವವನು ಭಾಷೆಯ ಪರಿಚಯದಿಂದ ತುಂಬಿಕೊಳ್ಳುತ್ತಾನೆ. ಕೊನೆಯ 'ಏ' ಮತ್ತು 'ಈ' ಎರಡೂ 'ಯೇ' ಎಂಬ ಒಂದೇ ಅಕ್ಷರದ ರೂಪಗಳು, ಬಾಲ ತಿರುಗುವ ದಿಕ್ಕಷ್ಟೇ ಬೇರೆ. ಠಾಣೆಯ ಅವಸರದ ಕೈಬರಹದಲ್ಲಿ 'ಕರ್ಕರೆ'ಗೂ 'ಕಿರ್ಕ್ರಿ'ಗೂ ಉಳಿಯುವ ವ್ಯತ್ಯಾಸ ಒಂದು ಬಾಲದ ತಿರುವು. ಒಬ್ಬ ಪಂಜಾಬಿ ಉಚ್ಚರಿಸಿದ ಮರಾಠಿ ಅಡ್ಡಹೆಸರನ್ನು ಉರ್ದುವಿನಲ್ಲಿ ಬರೆದು, ಅದನ್ನು ಇಂಗ್ಲಿಷಿಗೆ ತಿರುಗಿಸಿದಾಗ ಹೀಗಾಗಿದೆ ಎಂಬುದು ನನ್ನ ಓದು. ಹೆಸರಿನಲ್ಲಿದ್ದ ಮಹಾರಾಷ್ಟ್ರದ ಗುರುತೇ ಅಳಿಸಿಹೋಯಿತು. ಮರಾಠಿ ಬಲ್ಲವರಿಗೆ ಕರ್ಕರೆ ಎಂದರೆ ಒಂದು ಮನೆತನದ ಹೆಸರು. ಕಿರ್ಕ್ರಿ ಎಂದರೆ ಏನೂ ಅಲ್ಲ.

ಮುಂಬೈಯಲ್ಲಿ ಈ ಅಧಿಕಾರಿಗಳು ಭೇಟಿಯಾದದ್ದು ಡೆಪ್ಯುಟಿ ಕಮಿಷನರ್ ಜಮ್ಶೆದ್ ನಗರ್‌ವಾಲಾ ಅವರನ್ನು. ಅಲ್ಲಿ ಏನು ನಡೆಯಿತೆಂಬುದಕ್ಕೆ ಎರಡು ಹೇಳಿಕೆಗಳಿವೆ. ಒಂದು ಪತ್ರಿಕೆಯ ಸಂಪಾದಕನೂ ಈ ಗುಂಪಿನಲ್ಲಿದ್ದಾನೆಂಬ ವಿವರವುಳ್ಳ ಟಿಪ್ಪಣಿ ತಮ್ಮ ಬಳಿ ಇತ್ತು ಎಂದು ದೆಹಲಿಯವರು ಹೇಳಿದರು. ಅಂಥದ್ದೇನನ್ನೂ ತನಗೆ ತೋರಿಸಲಿಲ್ಲ, ಅವರ ಬಳಿ ಇದ್ದದ್ದು ಉರ್ದುವಿನ ಒಂದು ಸಣ್ಣ ಚೀಟಿ ಮಾತ್ರ ಎಂದು ನಗರ್‌ವಾಲಾ ಹೇಳಿದರು. ಕಪೂರ್ ಆಯೋಗ ಈ ಚೀಟಿ ಮತ್ತು ಟಿಪ್ಪಣಿಯ ಮೇಲೆ ಪುಟಗಟ್ಟಲೆ ಚರ್ಚಿಸಿದೆ. ಇಬ್ಬರು ಅಧಿಕಾರಿಗಳೂ ಕೆಲವೇ ದಿನಗಳಲ್ಲಿ ಬರಿಗೈಯಲ್ಲಿ ದೆಹಲಿಗೆ ಮರಳಿದರು.

ಅದೇ ಹೊತ್ತಿಗೆ ಮುಂಬೈಯಲ್ಲಿ ಕರ್ಕರೆಯ ಹೆಸರು ಸರಿಯಾಗಿಯೇ ಗೊತ್ತಿತ್ತು. ಗೊತ್ತಾದ ಬಗೆ ಸಾಹಿತ್ಯದ ವಿದ್ಯಾರ್ಥಿಗಳಿಗೆ ಆಸಕ್ತಿಯದ್ದು. ಮಾಟುಂಗಾದ ರುಯಿಯಾ ಕಾಲೇಜಿನ ಪ್ರಾಧ್ಯಾಪಕ, ಪ್ರಾಕೃತ ಮತ್ತು ಜೈನ ಸಾಹಿತ್ಯದ ವಿದ್ವಾಂಸ ಜಗದೀಶಚಂದ್ರ ಜೈನ್ ಅವರು ನಿರಾಶ್ರಿತ ಮದನ್‌ಲಾಲ್‌ಗೆ ತಮ್ಮ ಪುಸ್ತಕಗಳನ್ನು ಮಾರುವ ಕೆಲಸ ಕೊಟ್ಟು ನೆರವಾಗಿದ್ದರು. ದೆಹಲಿಗೆ ಹೊರಡುವ ಮೊದಲು ಆತ ಸಂಚಿನ ಬಗ್ಗೆ ಅವರಲ್ಲಿ ಬಡಾಯಿ ಕೊಚ್ಚಿಕೊಂಡಿದ್ದ. ನಿರಾಶ್ರಿತ ಯುವಕನ ಸಿಟ್ಟಿನ ಮಾತೆಂದು ಪ್ರಾಧ್ಯಾಪಕರು ಅದನ್ನು ಪೂರ್ತಿ ನಂಬಿರಲಿಲ್ಲ. ಸ್ಫೋಟದ ಸುದ್ದಿ ಓದಿದ ಕೂಡಲೇ, ಜನವರಿ 21ರಂದು, ಮುಂಬೈ ಪ್ರಾಂತ್ಯದ ಪ್ರಧಾನಿ ಬಿ.ಜಿ. ಖೇರ್ ಮತ್ತು ಗೃಹಮಂತ್ರಿ ಮೊರಾರ್ಜಿ ದೇಸಾಯಿ ಅವರನ್ನು ಕಂಡು ಎಲ್ಲವನ್ನೂ ಹೇಳಿದರು. ಮೊರಾರ್ಜಿ ಅದೇ ರಾತ್ರಿ, ಅಹಮದಾಬಾದಿಗೆ ಹೊರಡುವ ಮುನ್ನ, ರೈಲು ನಿಲ್ದಾಣದಲ್ಲಿ ನಗರ್‌ವಾಲಾಗೆ ವಿಷಯ ತಿಳಿಸಿದರು. ಮರುದಿನ ಅಹಮದಾಬಾದಿನಲ್ಲಿ ಸರ್ದಾರ್ ಪಟೇಲರಿಗೂ ಹೇಳಿದರು.

ಇಷ್ಟೆಲ್ಲ ಆಗಿಯೂ ಜೈನ್ ಅವರ ಮಾತು ಕಾಗದಕ್ಕೆ ಇಳಿಯಲಿಲ್ಲ. ಜೀವಭಯವಿದ್ದ ಅವರ ಹೆಸರನ್ನು ಮೊರಾರ್ಜಿ ಪೊಲೀಸರಿಗೂ ಹೇಳಲಿಲ್ಲ. ಹತ್ಯೆಗೆ ಮೊದಲು ಯಾವ ತನಿಖಾಧಿಕಾರಿಯೂ ಅವರ ಎದುರು ಕೂತು, ಮದನ್‌ಲಾಲ್ ನಿಮ್ಮ ಮನೆಗೆ ಯಾರನ್ನು ಕರೆತಂದಿದ್ದ, ಇನ್ನೇನು ಹೇಳಿದ್ದ ಎಂದು ಕೇಳಲಿಲ್ಲ. ದೆಹಲಿಯ ಲಾಕಪ್ಪಿನಲ್ಲಿದ್ದವನ ಮಾತಿಗೂ ಮುಂಬೈಯ ಪ್ರಾಧ್ಯಾಪಕರ ಮಾತಿಗೂ ಹೊಂದಿಕೆ ಇದೆಯೇ ಎಂದು ನೋಡುವ ಅವಕಾಶ ಆ ಹತ್ತು ದಿನಗಳಲ್ಲಿ ಇತ್ತು. ಹಾಗೆ ನೋಡಬೇಕಾದರೆ ಎರಡೂ ಬರಹದಲ್ಲಿ ಒಂದೇ ಮೇಜಿನ ಮೇಲೆ ಇರಬೇಕಿತ್ತು. ಹತ್ಯೆಯಾದ ಮೇಲೆ ಜೈನ್ ಪ್ರಾಸಿಕ್ಯೂಷನ್ ಸಾಕ್ಷಿಯಾದರು.

ಮೂರನೆಯ ಸಾಲು ರೈಲಿನದ್ದು. ಜನವರಿ 24ರ ಹೊತ್ತಿಗೆ ಮದನ್‌ಲಾಲ್‌ನ ವಿವರವಾದ ಹೇಳಿಕೆ ಸಿದ್ಧವಾಯಿತು. ಅದರಲ್ಲಿ ಪೂನಾದ 'ಹಿಂದೂ ರಾಷ್ಟ್ರೀಯ' ಎಂಬ ಪತ್ರಿಕೆಯವರ ಉಲ್ಲೇಖವಿತ್ತು. ಪತ್ರಿಕೆಯ ನಿಜವಾದ ಹೆಸರು 'ಹಿಂದೂ ರಾಷ್ಟ್ರ', ಅದಕ್ಕೂ ಮೊದಲು 'ಅಗ್ರಣಿ'. ಪೂನಾ ಸಿಐಡಿಯ ಡಿಐಜಿ ಯು.ಎಚ್. ರಾಣಾ ಆಗ ದೆಹಲಿಯಲ್ಲೇ ಇದ್ದರು. ಹೇಳಿಕೆಯ ಪ್ರತಿಯನ್ನು ಅವರ ಕೈಗೆ ಕೊಡಲಾಯಿತು. ಅವರು ವಿಮಾನ ಹತ್ತಲಿಲ್ಲ. ಅಲಹಾಬಾದಿನ ಮೇಲೆ ಹೋಗುವ ರೈಲಿನಲ್ಲಿ ಹೊರಟು ಜನವರಿ 27ರಂದು ಮುಂಬೈ ತಲುಪಿದರು. ಗೋಡ್ಸೆ ಮತ್ತು ಆಪ್ಟೆ ಅದೇ 27ರಂದು ಮುಂಬೈಯಿಂದ ದೆಹಲಿಗೆ ವಿಮಾನದಲ್ಲಿ ಹೋದರು. ಟಿಕೆಟಿನಲ್ಲಿದ್ದ ಹೆಸರುಗಳು ಎನ್. ವಿನಾಯಕರಾವ್, ಡಿ. ನಾರಾಯಣರಾವ್. ಇವು ಪೂರ್ತಿ ಸುಳ್ಳು ಹೆಸರುಗಳೂ ಅಲ್ಲ. ನಾಥೂರಾಮ ವಿನಾಯಕ, ನಾರಾಯಣ ದತ್ತಾತ್ರೇಯ ಎಂಬ ಸ್ವಂತ ಹೆಸರುಗಳನ್ನೇ ಸ್ವಲ್ಪ ತಿರುವಿ ಹಾಕಿದವು.

ಆ ಪತ್ರಿಕೆಯ ಸಂಪಾದಕ ಯಾರೆಂದು ತಿಳಿಯಲು ಪೂನಾಕ್ಕೆ ಹೋಗಲೇಬೇಕಿರಲಿಲ್ಲ. ಮುಂಬೈ ಪ್ರಾಂತ್ಯದ ಪತ್ರಿಕೆಗಳ ಪಟ್ಟಿಯೊಂದು ಸರ್ಕಾರಿ ಕಚೇರಿಗಳಲ್ಲಿತ್ತು. ಅದರಲ್ಲಿ 'ಅಗ್ರಣಿ'ಯ ಮುಂದೆ ಸಂಪಾದಕ ಎನ್.ವಿ. ಗೋಡ್ಸೆ ಎಂದು ನಮೂದಾಗಿತ್ತು. ಪಟ್ಟಿಯ ಆ ಹೆಸರು, ಬಟ್ಟೆಯ ಮೇಲಿನ ಮೂರು ಅಕ್ಷರ, ಹೇಳಿಕೆಯಲ್ಲಿದ್ದ ಪತ್ರಿಕೆಯ ಹೆಸರು, ಮೂರೂ ಒಬ್ಬನತ್ತಲೇ ಬೊಟ್ಟು ಮಾಡುತ್ತಿದ್ದವು. ಆದರೆ ಮೂರೂ ಬೇರೆ ಬೇರೆ ಜಾಗದಲ್ಲಿದ್ದವು. ಜನವರಿ 20ರ ನಂತರ ಪೊಲೀಸರು ಸ್ವಲ್ಪ ಚುರುಕು ತೋರಿದ್ದರೆ ಈ ದುರಂತ ಬಹುಶಃ ತಪ್ಪುತ್ತಿತ್ತು ಎಂದು ಆತ್ಮಚರಣ್ ತೀರ್ಪಿನಲ್ಲೇ ಬೇಸರದಿಂದ ದಾಖಲಿಸಿದ್ದಾರೆ.

ಇಲ್ಲಿ ಇತಿಹಾಸದ ವಿದ್ಯಾರ್ಥಿ ಸ್ವಲ್ಪ ತಡೆದು ನಿಲ್ಲಬೇಕು. ಕೊಂದವನ ಹೆಸರು ಗೊತ್ತಿದ್ದೇ ನಾವು ಈ ಕಾಗದಗಳನ್ನು ಓದಲು ಕೂರುತ್ತೇವೆ. ಹಾಗಾಗಿ ಎನ್.ವಿ.ಜಿ. ಎಂಬ ಗುರುತು ಪುಟದಿಂದ ಎದ್ದು ಕಾಣುತ್ತದೆ. ಜನವರಿ 22ರ ದೆಹಲಿಯ ಅಧಿಕಾರಿಗೆ ಅದು ನೂರಾರು ವಿವರಗಳಲ್ಲಿ ಒಂದು. ಊರು ತುಂಬ ನಿರಾಶ್ರಿತರು, ಗಲಭೆ, ದಿನಕ್ಕೊಂದು ಬೆದರಿಕೆ. ಪ್ರಾರ್ಥನೆಗೆ ಬರುವವರನ್ನು ತಪಾಸಣೆ ಮಾಡುತ್ತೇವೆ ಎಂದರೆ ಗಾಂಧೀಜಿಯೇ ಒಪ್ಪಲಿಲ್ಲ. ಮುಂಬೈಯಲ್ಲಿ ನಗರ್‌ವಾಲಾ ಕೈಕಟ್ಟಿ ಕೂತಿರಲಿಲ್ಲ. ಆದರೆ ಇದು ಗಾಂಧೀಜಿಯನ್ನು ಅಪಹರಿಸುವ ದೊಡ್ಡ ಗುಂಪಿನ ಸಂಚು ಎಂಬ ಊಹೆಯ ಬೆನ್ನು ಹತ್ತಿದ್ದರು. ಸಿಕ್ಕ ಮಾಹಿತಿಯನ್ನೆಲ್ಲ ಆ ಊಹೆಯ ಚೌಕಟ್ಟಿನಲ್ಲೇ ಜೋಡಿಸಿಕೊಂಡರು. ಹತ್ಯೆಯ ನಂತರ ಇಡೀ ಸಂಚಿನ ತನಿಖೆಯನ್ನು ಮುನ್ನಡೆಸಿದವರೂ ಅವರೇ, ಅದನ್ನು ದಕ್ಷತೆಯಿಂದಲೇ ಮಾಡಿದರು. ಒಬ್ಬನೇ ಅಧಿಕಾರಿ ಜನವರಿ 30ರ ಮೊದಲು ಕಾಣದ್ದನ್ನು ನಂತರ ಕಂಡ. ಪ್ರಶ್ನೆ ಗೊತ್ತಾದ ಮೇಲೆ ಉತ್ತರ ಹುಡುಕುವುದು ಸುಲಭ.

ಆದರೆ ಈ ಎಚ್ಚರಿಕೆಯನ್ನು ಕ್ಷಮಾಪತ್ರವಾಗಿಸಲೂ ಆಗದು. ಹೇಳಿಕೆಯಲ್ಲಿ ಪತ್ರಿಕೆಯ ಉಲ್ಲೇಖ ಬಂದ ಮೇಲೆ ಅದರ ಸಂಪಾದಕ ಯಾರೆಂದು ತಂತಿಯಲ್ಲೋ ದೂರವಾಣಿಯಲ್ಲೋ ಪೂನಾವನ್ನು ಕೇಳಲು ದಿವ್ಯದೃಷ್ಟಿ ಬೇಕಿರಲಿಲ್ಲ. ಯಾವುದು ನಮ್ಮ ಹಿನ್ನೋಟದ ಬೆಳಕು, ಯಾವುದು ಅಂದೇ ಮಾಡಬಹುದಾಗಿದ್ದ ಕೆಲಸ ಎಂದು ಬೇರೆ ಮಾಡುವುದಕ್ಕೇ ತಾರೀಖುಗಳ ಪಟ್ಟಿ ಬೇಕು.

ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೆ ನಮ್ಮ ಕಾನೂನಿನಲ್ಲಿ ವಿಚಿತ್ರ ಸ್ಥಾನವಿದೆ. ಅದನ್ನು ಬರೆಯುವವನು ಅಧಿಕಾರಿ, ಸಾಕ್ಷಿ ಸಹಿ ಮಾಡುವುದಿಲ್ಲ. ಸಾಮಾನ್ಯವಾಗಿ ನ್ಯಾಯಾಲಯದಲ್ಲಿ ಸಾಕ್ಷಿ ಬೇರೆ ಮಾತು ಹೇಳಿದಾಗ ವಿರೋಧ ತೋರಿಸಲಷ್ಟೇ ಅದು ಬಳಕೆಗೆ ಬರುತ್ತದೆ. ಪೊಲೀಸರ ಎದುರಿನ ತಪ್ಪೊಪ್ಪಿಗೆಯಂತೂ ಆರೋಪಿಯ ವಿರುದ್ಧ ಸಾಕ್ಷ್ಯವೇ ಅಲ್ಲ. ಬಲವಂತದಿಂದ ಬಾಯಿಬಿಡಿಸುವುದನ್ನು ತಡೆಯಲು ಇರುವ ಈ ನಿಯಮ ನ್ಯಾಯಕ್ಕೆ ಬೇಕೇ ಬೇಕು. ಹಾಗಾಗಿ ಎಷ್ಟೋ ಹೇಳಿಕೆಗಳು ತೀರ್ಪಿನೊಳಗೆ ಬರದೆ ಕಡತದಲ್ಲೇ ಉಳಿಯುತ್ತವೆ. ನ್ಯಾಯಾಲಯ ಬದಿಗಿಟ್ಟ ಕಾಗದದಿಂದಲೇ ಹಲವು ಸಲ ಇತಿಹಾಸಕಾರನ ಕೆಲಸ ಶುರುವಾಗುತ್ತದೆ.

ಸಾವರ್ಕರ್ ವಿಷಯದಲ್ಲಿ ಇದು ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ಶಸ್ತ್ರಾಸ್ತ್ರ ವ್ಯಾಪಾರಿ ದಿಗಂಬರ ಬಡ್ಗೆ ಮಾಫಿ ಸಾಕ್ಷಿಯಾದ. ಗೋಡ್ಸೆ ಮತ್ತು ಆಪ್ಟೆ ದಾದರಿನ ಸಾವರ್ಕರ್ ಮನೆಯಿಂದ ಹೊರಡುವಾಗ ಸಾವರ್ಕರ್ 'ಯಶಸ್ವಿಯಾಗಿ ಬನ್ನಿ' ಎಂಬರ್ಥದ ಮಾತನ್ನು ಮರಾಠಿಯಲ್ಲಿ ಹೇಳಿದ್ದು ಕೇಳಿಸಿತು ಎಂದು ಸಾಕ್ಷ್ಯ ನುಡಿದ. ನ್ಯಾಯಾಧೀಶರು ಬಡ್ಗೆಯನ್ನು ನಂಬಲರ್ಹ ಸಾಕ್ಷಿ ಎಂದೇ ಕಂಡರು. ಆದರೆ ಮಾಫಿ ಸಾಕ್ಷಿಯ ಮಾತಿಗೆ ಸ್ವತಂತ್ರ ಆಧಾರ ಬೇಕು, ಸಾವರ್ಕರ್ ಮಟ್ಟಿಗೆ ಅದಿಲ್ಲ ಎಂದು ಅವರನ್ನು ಖುಲಾಸೆಗೊಳಿಸಿದರು. ಸಾವರ್ಕರ್ ಅವರ ಅಂಗರಕ್ಷಕ ಅಪ್ಪಾ ಕಾಸರ್ ಮತ್ತು ಕಾರ್ಯದರ್ಶಿ ಗಜಾನನ ದಾಮ್ಲೆ 1948ರ ಮಾರ್ಚ್ 4ರಂದೇ ಮುಂಬೈ ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದರು. ಗೋಡ್ಸೆ ಮತ್ತು ಆಪ್ಟೆ ಆ ಮನೆಗೆ ಬಂದುಹೋದ ವಿವರ ಅವುಗಳಲ್ಲಿದೆ. ಅವರಿಬ್ಬರನ್ನೂ ಪ್ರಾಸಿಕ್ಯೂಷನ್ ಸಾಕ್ಷಿಗಳಾಗಿ ಕರೆಯಲಿಲ್ಲ. ಎರಡು ದಶಕಗಳ ನಂತರ ಕಪೂರ್ ಆ ಹೇಳಿಕೆಗಳನ್ನು ಓದಿ, ಎಲ್ಲ ಸಂಗತಿಗಳನ್ನು ಒಟ್ಟಿಗೆ ನೋಡಿದರೆ ಸಾವರ್ಕರ್ ಮತ್ತು ಅವರ ಗುಂಪಿನ ಸಂಚಿನ ಹೊರತು ಬೇರೆ ವಿವರಣೆ ನಿಲ್ಲದು ಎಂದು ಬರೆದರು.

ಇದನ್ನು ಎರಡೂ ಕಡೆಯವರು ತಮಗೆ ಬೇಕಾದಷ್ಟೇ ಓದುತ್ತಾರೆ. ಒಂದು ಕಡೆಗೆ ಖುಲಾಸೆಯೇ ಕೊನೆಯ ಮಾತು, ಇನ್ನೊಂದು ಕಡೆಗೆ ಕಪೂರ್ ಬರೆದ ಸಾಲೇ ಕೊನೆಯ ಮಾತು. ನನ್ನ ಮಟ್ಟಿಗೆ ಎರಡನ್ನೂ ಒಟ್ಟಿಗೆ ಹೇಳದ ಬರಹ ಅಪೂರ್ಣ. ಖುಲಾಸೆಯನ್ನು ಯಾವ ಆಯೋಗವೂ ರದ್ದು ಮಾಡಲಾರದು. ಕಪೂರ್ ನೇಮಕವಾಗುವ ಮೊದಲೇ, 1966ರ ಫೆಬ್ರವರಿಯಲ್ಲಿ, ಸಾವರ್ಕರ್ ತೀರಿಕೊಂಡಿದ್ದರು. ಆ ಹೇಳಿಕೆಗಳನ್ನು ಪಾಟೀಸವಾಲಿಗೆ ಒಳಪಡಿಸುವ ಅವಕಾಶ ಅವರಿಗೆ ಸಿಗಲಿಲ್ಲ. ಇನ್ನೊಂದು ಕಡೆ, ನ್ಯಾಯಾಲಯ ನೋಡದ ಕಾಗದಗಳು ಇದ್ದವು ಎಂಬುದೂ ಅಷ್ಟೇ ನಿಜ, ಅವನ್ನು ಇಲ್ಲವೆನ್ನಲಾಗದು.

ಹೇಳಿಕೆಗಳು ಕಾಲದೊಂದಿಗೂ ಬದಲಾಗುತ್ತವೆ. ಉತ್ತರ ಕನ್ನಡದ ಜೋಯಿಡಾ ಬಳಿಯ ಜಗಲಬೇಟದಲ್ಲಿ ನೆಲೆಸಿದ್ದ ಲೇಖಕ ಮನೋಹರ ಮಳಗಾಂವಕರ್, ಜೈಲಿನಿಂದ ಹೊರಬಂದವರನ್ನೂ ಬಡ್ಗೆಯನ್ನೂ ಮಾತನಾಡಿಸಿ ಈ ಹತ್ಯೆಯ ಕುರಿತ ತಮ್ಮ ಇಂಗ್ಲಿಷ್ ಪುಸ್ತಕವನ್ನು 1978ರಲ್ಲಿ ಹೊರತಂದರು. ಪೊಲೀಸ್ ಕಡತದಲ್ಲಿ ಸಿಗದ ಜೀವಂತ ವಿವರಗಳು ಅದರಲ್ಲಿವೆ. ಆದರೆ ಶಿಕ್ಷೆ ಮುಗಿಸಿ ಬಂದವನು ದಶಕಗಳ ಮೇಲೆ ಹೇಳುವ ಕಥೆಗೆ ಭಯವಿಲ್ಲ, ಅದರ ಜಾಗದಲ್ಲಿ ಸಮರ್ಥನೆಯ ಆಸೆ ಇರುತ್ತದೆ. 1948ರ ಹೇಳಿಕೆಯಲ್ಲಿ ಭಯವೇ ಹೆಚ್ಚು. ಎರಡರಲ್ಲಿ ಒಂದು ಸತ್ಯ, ಒಂದು ಸುಳ್ಳು ಎಂದು ಆರಿಸಲು ಬರುವುದಿಲ್ಲ. ಯಾರಿಗೆ ಹೇಳಿದ್ದು, ಯಾವ ಭಾಷೆಯಲ್ಲಿ, ಬರೆದವರು ಯಾರು, ಹೇಳುವವನಿಗೆ ಆಗ ಏನು ಬೇಕಿತ್ತು ಎಂದು ಪ್ರತಿಯೊಂದಕ್ಕೂ ಕೇಳಬೇಕು.

ಈ ಪ್ರಶ್ನೆಗಳು ಸಂಶೋಧಕರಿಗೆ ಮಾತ್ರ ಬೇಕಾದವಲ್ಲ. ಕೆಲವು ವರ್ಷಗಳ ಹಿಂದೆ, ಗಾಂಧೀಜಿಗೆ ತಗುಲಿದ್ದು ನಾಲ್ಕು ಗುಂಡು, ಎರಡನೆಯ ಕೊಲೆಗಾರನೊಬ್ಬನಿದ್ದ, ಮರುತನಿಖೆ ಆಗಬೇಕು ಎಂಬ ಅರ್ಜಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ನ್ಯಾಯಾಲಯ ನೇಮಿಸಿದ ಹಿರಿಯ ವಕೀಲರು ಹಳೆಯ ದಾಖಲೆಗಳನ್ನು ತಿರುವಿ ನೋಡಿ ಅದಕ್ಕೆ ಆಧಾರವಿಲ್ಲವೆಂದರು. 2018ರ ಮಾರ್ಚಿನಲ್ಲಿ ಅರ್ಜಿ ವಜಾ ಆಯಿತು. ಆ ಉತ್ತರ ಕೊಡಲು ಸಾಧ್ಯವಾದದ್ದು 1948ರ ಕಾಗದಗಳು ಉಳಿದಿದ್ದರಿಂದ. ಅರ್ಜಿ ವಜಾ ಆದರೂ ನಾಲ್ಕನೆಯ ಗುಂಡಿನ ಕಥೆ ಮೊಬೈಲುಗಳಲ್ಲಿ ಓಡಾಡುತ್ತಲೇ ಇದೆ, ಏಕೆಂದರೆ ತೀರ್ಪಿನ ನೂರಾರು ಪುಟಗಳಿಗಿಂತ ಎರಡು ಸಾಲಿನ ಸಂದೇಶ ಓದುವುದು ಸುಲಭ.

ಕಪೂರ್ ಆಯೋಗದ ವರದಿ ಇಂದು ಯಾರಿಗಾದರೂ ಓದಲು ಸಿಗುತ್ತದೆ. ಓದುವವರಿಗೆ ನನ್ನ ಸಲಹೆ ಇಷ್ಟೇ: ತೀರ್ಮಾನದ ಅಧ್ಯಾಯದಿಂದ ಶುರು ಮಾಡಬೇಡಿ. ಜನವರಿ 20ರಿಂದ ಶುರು ಮಾಡಿ, ಒಂದೊಂದೇ ದಿನ ಮುಂದೆ ಹೋಗಿ, ಪ್ರತಿ ಹೆಸರಿನ ಪಕ್ಕದಲ್ಲಿ ಅದು ಯಾರ ಕೈಯಲ್ಲಿತ್ತು ಎಂದು ಬರೆದುಕೊಳ್ಳಿ. 27ಕ್ಕೆ ಬರುವ ಹೊತ್ತಿಗೆ, ಮುಂಬೈಗೆ ಬರುತ್ತಿರುವ ರೈಲು ಮತ್ತು ಅಲ್ಲಿಂದ ಹೊರಡುತ್ತಿರುವ ವಿಮಾನ ಎರಡೂ ಒಂದೇ ಸಾಲಿನಲ್ಲಿ ಕಾಣುತ್ತವೆ.